ನಾಲ್ಕು ಗಂಟೆಗೆ ಕೆಡುವ ಲ್ಯಾಪ್‌ಟಾಪ್

ಮೊದಲೇ ಹೇಳಿಬಿಡುತ್ತೇನೆ, ನನಗೆ ತಾಳ್ಮೆ ಕಡಿಮೆ. ನನ್ನ ಗಂಡನಿಗೆ ಅದು ಬೇಕಾದ್ದಕ್ಕಿಂತ ಹೆಚ್ಚು. ಇಪ್ಪತ್ತೆರಡು ವರ್ಷ ಒಂದೇ ಅಂಗಡಿಯಲ್ಲಿ, ಒಂದೇ ಫ್ಯಾನಿನ ಕೆಳಗೆ ಹಗಲೆಲ್ಲ ಕೂತು, ರಾತ್ರಿ ಮೇಲಿನ ಮನೆಗೆ ಹೋಗಿ ಮತ್ತೆ ಅದೇ ಮುಖ ನೋಡಿಕೊಂಡು ಸಂಸಾರ ಮಾಡಿದ್ದೇವೆಂದರೆ ಅದರ ಪುಣ್ಯವೆಲ್ಲ ಅವರಿಗೇ ಸೇರಬೇಕು. ಇಷ್ಟು ಒಪ್ಪಿಕೊಂಡ ಮೇಲೆ ಅವರ ಬಗ್ಗೆ ನಾಲ್ಕು ಮಾತಾಡುವ ಹಕ್ಕು ನನಗಿದೆ.

ನಮ್ಮದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಹಳೇ ಕಟ್ಟಡದ ನೆಲಮಹಡಿಯಲ್ಲಿ ಅಂಗಡಿ, ಮೂರನೇ ಮಹಡಿಯಲ್ಲಿ ಮನೆ, ನಡುವೆ ಐವತ್ತನಾಲ್ಕು ಮೆಟ್ಟಿಲು. ಲಿಫ್ಟ್ ಹಾಕಿಸುತ್ತೇನೆ, ಹಾಕಿಸುತ್ತೇನೆ ಎನ್ನುತ್ತಲೇ ಕಟ್ಟಡದ ಯಜಮಾನರು ಮುದುಕರಾದರು. ಇವರು ಒಳಗಿನ ಮೇಜಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ಕೂತರೆ ನಾನು ಮುಂದಿನ ಮೇಜಿನಲ್ಲಿ ಚೀಟಿ ಬರೆಯುತ್ತೇನೆ. ಯಂತ್ರಕ್ಕೊಂದು ಚೀಟಿ. ಮೇಲಿನ ಸಾಲಿನಲ್ಲಿ ಗಿರಾಕಿ ಹೇಳಿದ ತೊಂದರೆ, ಅವರದೇ ಮಾತಿನಲ್ಲಿ; ಕೆಳಗಿನ ಸಾಲಿನಲ್ಲಿ ನಾವು ಮಾಡಿದ ಕೆಲಸ. ‘ಮಧ್ಯಾಹ್ನ ಮಲಗಿ ಎದ್ದ ಮೇಲೆ ಯಾರನ್ನೂ ಗುರುತು ಹಿಡಿಯಲ್ಲ.’ ‘ಬೆಳಿಗ್ಗೆ ನೆಟ್ ಇರುತ್ತೆ, ಊಟ ಮಾಡಿ ಬಂದರೆ ಇರಲ್ಲ, ನಮ್ಮ ಮ್ಯಾನೇಜರ್ ಥರ.’ ಇಂಥವನ್ನು ನಾನು ಒಂದಕ್ಷರ ತಿದ್ದದೆ ಬರೆದುಕೊಳ್ಳುತ್ತೇನೆ. ಹೆಚ್ಚಿನವುಗಳ ಕಾಯಿಲೆ ಒಂದೇ: ಮುಚ್ಚಳ ಹಾಕಿ ಮಲಗಿಸಿದ ಲ್ಯಾಪ್‌ಟಾಪ್ ಎದ್ದಾಗ ವೈಫೈ ಹಿಡಿಯುವುದಿಲ್ಲ.

ಬೇರೆ ರಿಪೇರಿಯವರು ಯಂತ್ರ ಕೈಗೆ ಬಂದ ಕೂಡಲೇ ಬಿಚ್ಚುತ್ತಾರೆ. ಇವರು ಬಿಚ್ಚುವುದಿಲ್ಲ. ಗಿರಾಕಿಯನ್ನು ಕೂರಿಸಿ, ಯಂತ್ರವನ್ನು ಅವರ ಮುಂದೆಯೇ ಇಟ್ಟು, “ಮನೇಲಿ ಹೇಗೆ ಮುಚ್ತೀರೋ ಹಾಗೇ ಮುಚ್ಚಿ ತೋರ್ಸಿ” ಎನ್ನುತ್ತಾರೆ. ಜನ ಮೊದಲು ನಾಚಿಕೊಳ್ಳುತ್ತಾರೆ, ಆಮೇಲೆ ಮುಚ್ಚುತ್ತಾರೆ. ಒಬ್ಬ ಟೀಚರಮ್ಮ ಮುಚ್ಚುವ ಮುಂಚೆ ಮೇಲಿನ ಸಾಲಿನ ಕೀಗಳನ್ನೆಲ್ಲ ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸುವ ಭರದಲ್ಲಿ ವಿಮಾನದ ಚಿತ್ರವಿರುವ ಕೀ ಒತ್ತಿಹೋಗಿ ವೈಫೈ ಆರುತ್ತಿತ್ತು. ಆರು ತಿಂಗಳು ಅವರು ನೆಟ್ ಕೊಡುವವರಿಗೆ ಸುಮ್ಮಸುಮ್ಮನೆ ಶಾಪ ಹಾಕಿದ್ದರು. “ಕಾಯಿಲೆ ಕಾಣೋದು ಎದ್ದಾಗ, ಶುರುವಾಗೋದು ಮಲಗೋವಾಗ” ಎನ್ನುವುದೊಂದೇ ಇವರಿಗೆ ಗೊತ್ತಿರುವ ಶಾಸ್ತ್ರ.

ಗಿರಾಕಿಯ ಕೈಯಲ್ಲಿ ತಪ್ಪು ಕಾಣದಿದ್ದರೆ ಆಮೇಲೆ ಯಂತ್ರದ ಒಳಗಿನದು. “ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗೋರು ಒಂದೊಂದೇ ದೀಪ ಆರಿಸ್ಕೊಂಡು ಬರ್ತಾರಲ್ಲ, ಹಾಗೆ ಇದೂ ಕರೆಂಟ್ ಉಳ್ಸೋಕೆ ಅಂತ ವೈಫೈ ಕಾರ್ಡನ್ನ ಆರಿಸುತ್ತೆ. ಎದ್ದಾಗ ಎಲ್ಲ ಹಚ್ಚುತ್ತೆ, ಇದೊಂದನ್ನ ಮರ್ತುಬಿಡುತ್ತೆ” ಎಂದು ಗಿರಾಕಿಗೆ ಬಿಡಿಸಿ ಹೇಳುತ್ತಾರೆ. ಇದಕ್ಕೆ ಮದ್ದು ಎರಡು. ಒಂದು ಆ ಹೊತ್ತಿನ ಮದ್ದು: ಸೆಟ್ಟಿಂಗಿಗೆ ಹೋಗಿ ಕಾರ್ಡನ್ನು ಒಮ್ಮೆ ಆಫ್ ಮಾಡಿ ಆನ್ ಮಾಡುವುದು. ನೆಟ್ ಬರುತ್ತದೆ, ನಾಳೆ ಮಲಗಿ ಎದ್ದರೆ ಮತ್ತೆ ಹೋಗುತ್ತದೆ. ಇನ್ನೊಂದು ಪೂರ್ತಿ ಮದ್ದು: ಡಿವೈಸ್ ಮ್ಯಾನೇಜರ್ ತೆಗೆದು, ವೈಫೈ ಕಾರ್ಡಿನ ಹೆಸರು ಹುಡುಕಿ, ಪವರ್ ಎಂಬ ಪುಟದಲ್ಲಿ, ಕರೆಂಟ್ ಉಳಿಸಲು ಇದನ್ನು ಆರಿಸಬಹುದು ಎಂಬ ಸಾಲಿನ ಮುಂದಿರುವ ಟಿಕ್ ತೆಗೆಯುವುದು. ಕೆಲವು ಮೊಂಡು ಯಂತ್ರಗಳಿಗೆ ಡ್ರೈವರನ್ನೂ ಹೊಸದಾಗಿ ಹಾಕಬೇಕು. ಆದರೆ ಹತ್ತರಲ್ಲಿ ಏಳಕ್ಕೆ ಆ ಟಿಕ್ ತೆಗೆದರೆ ಸಾಕು, ಜನ್ಮದಲ್ಲಿ ಮತ್ತೆ ಬರುವುದಿಲ್ಲ. ‘ಟಿಕ್ ತೆಗೆದಿದೆ’ ಎಂದು ಬರೆದು ಬರೆದು ನನ್ನ ಕೈಗೆ ಅದು ಸಹಿಯಷ್ಟೇ ರೂಢಿಯಾಗಿದೆ.

ಬೀದಿಗೆ ಬೀದಿಯೇ ಇವರನ್ನು ‘ಸಿಗ್ನಲಣ್ಣ’ ಎನ್ನುತ್ತದೆ. ಎಪ್ಪತ್ತು ದಾಟಿದ ಮುದುಕರೂ “ಅಣ್ಣಾ, ಸಿಗ್ನಲಣ್ಣಾ” ಎಂದು ಕೂಗಿಕೊಂಡೇ ಅಂಗಡಿಗೆ ಬರುತ್ತಾರೆ. ಎಲ್ಲರಿಗೂ ಅಣ್ಣ. ಹಾಗೆ ಕರೆಯುವ ಹಕ್ಕು ಹುಟ್ಟಿನಿಂದಲೇ ಇದ್ದವಳು ಮಾತ್ರ ಏಳು ವರ್ಷದಿಂದ ಕರೆದಿರಲಿಲ್ಲ.

ಅವಳು ನನ್ನ ನಾದಿನಿ, ಇವರ ಒಬ್ಬಳೇ ತಂಗಿ. ಹನ್ನೊಂದು ವರ್ಷ ಚಿಕ್ಕವಳು. ಇವರು ಎತ್ತಿ ಆಡಿಸಿದ್ದು, ಇವರು ಬೆರಳು ಹಿಡಿದು ಶಾಲೆಗೆ ಬಿಟ್ಟಿದ್ದು. ಮನೆಯಲ್ಲಿ ಆಗ ಒಂದು ರೇಡಿಯೋ ಇತ್ತಂತೆ, ಆಂಟೆನಾ ಮುರಿದದ್ದು. ಉಳಿದ ಗಿಡ್ಡ ಕಡ್ಡಿಯನ್ನು ಯಾರಾದರೂ ಹಿಡಿದುಕೊಂಡರೆ ಮಾತ್ರ ಸ್ಟೇಷನ್ ಸ್ಪಷ್ಟ. ಆಟದ ಕಾಮೆಂಟರಿ ಬರುವ ದಿನ ಅಪ್ಪ ಮಗ ಇಬ್ಬರೂ ಸೇರಿ ಆರು ವರ್ಷದ ಈ ಹುಡುಗಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಕಡ್ಡಿ ಹಿಡಿಸುತ್ತಿದ್ದರು. “ಅಲ್ಲಾಡ್ಬೇಡ್ವೇ ಆಂಟೆನಾ!” ಎಂದು ಇವರು ಕಿರುಚುವುದು, ಅವಳು ಉಸಿರು ಬಿಗಿಹಿಡಿದು ನಿಲ್ಲುವುದು. ಒಂದು ಸಲ ಇವರ ಕಡೆಯವರು ಸೋತು ಅಪ್ಪ ಮಗ ಮುಖ ಸಪ್ಪಗೆ ಮಾಡಿಕೊಂಡಾಗ, “ನಾನು ಕೈ ಬಿಟ್ಟಿದ್ರೆ ನೀವು ಸೋತಿದ್ದೇ ಗೊತ್ತಾಗ್ತಿರ್ಲಿಲ್ಲ” ಎಂದಳಂತೆ. ಆಮೇಲೆ ಅವಳ ಹೆಸರೇ ಆಂಟೆನಾ ಆಯಿತು. ನಾನು ಮದುವೆಯಾಗಿ ಬಂದಾಗ ಅವಳಿಗೆ ಹದಿನೇಳು. ಮೊದಲ ದಿನವೇ ನನ್ನ ಕಿವಿಯಲ್ಲಿ, “ಅತ್ತಿಗೆ, ನಮ್ಮಣ್ಣ ಎದ್ದ ತಕ್ಷಣ ಏನೂ ಕೇಳ್ಬೇಡಿ. ಸಿಗ್ನಲ್ ಬರೋಕೆ ಹತ್ತು ನಿಮಿಷ ಬೇಕು” ಎಂದಿದ್ದಳು. ಆ ಮಾತು ಇವತ್ತಿಗೂ ನಿಜ.

ಏಳು ವರ್ಷದ ಹಿಂದೆ ನಮ್ಮ ಮಾವ ತೀರಿಕೊಂಡರು. ಆಸ್ಪತ್ರೆಯಲ್ಲಿದ್ದದ್ದು ನಾಲ್ಕೇ ದಿನ. ನಾದಿನಿ ಆಗ ದೂರದ ಊರಿನಲ್ಲಿ, ಎಂಟು ತಿಂಗಳ ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಹಾಸಿಗೆ ಬಿಟ್ಟು ಏಳಲೇಬಾರದು ಎಂದು ಡಾಕ್ಟರಮ್ಮ ಹೆದರಿಸಿದ್ದರು. ಹಾಗಾಗಿ ಅವಳಿಗೆ ಹೇಳಲಿಲ್ಲ. ಅವಳು ದಿನಾ ಫೋನ್ ಮಾಡಿ “ಅಪ್ಪಂಗೆ ಕೊಡು” ಎನ್ನುವಳು. “ಅಪ್ಪ ಮಲಗಿದಾರೆ ಕಣೇ, ಎದ್ದ ಮೇಲೆ ಮಾಡಿಸ್ತೀನಿ” ಎನ್ನುವರು ಇವರು. ಒಂದು ದಿನವಲ್ಲ, ಎರಡು ದಿನವಲ್ಲ, ಮೂವತ್ತಾರು ದಿನ. ಫೋನ್ ಇಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಳ್ಳುತ್ತಿದ್ದರು.

ಹೆರಿಗೆಯಾಗಿ, ವಿಷಯ ತಿಳಿದು, ಅವಳು ಕೂಸನ್ನು ಎದೆಗೊತ್ತಿಕೊಂಡು ಬಂದಳು. ಹೊಸ್ತಿಲ ಮೇಲೆ ನಿಂತೇ ಹೇಳಿದಳು: “ದಿನಾ ಮಲಗಿದಾರೆ, ಮಲಗಿದಾರೆ ಅಂದೆಯಲ್ಲ. ಯಾವ ಬಾಯಲ್ಲಿ ಅಂದೆ? ಕೊನೇ ಸಲ ಅಪ್ಪನ ಮುಖ ನೋಡೋದನ್ನೂ ನೀನೇ ಕಿತ್ಕೊಂಡೆ. ಇವತ್ತಿಂದ ನಂಗೆ ಅಣ್ಣ ಇಲ್ಲ.”

ಒಂದು ಮಾತು, ‘ತಪ್ಪಾಯಿತು’ ಅನ್ನಬಹುದಿತ್ತು ಇವರು. ಅನ್ನಲಿಲ್ಲ. “ಇಲ್ಲ ಅಂತಲೇ ಇರ್ಲಿ ಬಿಡು” ಎಂದು ಮೆಟ್ಟಿಲಿಳಿದು ಅಂಗಡಿಗೆ ಹೋದರು. ಅಣ್ಣತಂಗಿ ಇಬ್ಬರದೂ ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಎರಡೂ ಕಡೆ ಹೇಳಿ ನೋಡಿ, ಗೋಡೆಗೆ ತಲೆ ಚಚ್ಚಿಕೊಂಡಂತಾಗಿ ಬಿಟ್ಟೆ.

ತಾಯಿ ಮಗಳ ಮಾತು ಮಾತ್ರ ನಿಲ್ಲಲಿಲ್ಲ. ಮೂರು ವರ್ಷದ ಹಿಂದೆ, ನಮ್ಮ ಜೊತೆಯಲ್ಲೇ ಇರುವ ಅತ್ತೆಗೆ ಕೈ ನಡುಗಲು ಶುರುವಾಯಿತು. ಫೋನ್ ಹಿಡಿದರೆ ಮಗಳ ಮುಖ ಕುಣಿಯುತ್ತಿತ್ತು. ಆಗ ಇವರೇ ಒಂದು ಹಳೇ ಲ್ಯಾಪ್‌ಟಾಪನ್ನು ಸರಿ ಮಾಡಿ, ಅಕ್ಷರ ದೊಡ್ಡದು ಮಾಡಿ, ಕರೆ ಮಾಡುವ ಗುಂಡಿಯನ್ನು ಪರದೆಯ ನಟ್ಟನಡುವೆ ಇಟ್ಟು ಅಮ್ಮನ ಕೋಣೆಯ ಮೇಜಿನ ಮೇಲೆ ಕೂರಿಸಿದರು. ಮಗಳು ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾಳೆ, ನಾಲ್ಕಕ್ಕೆ ಬಿಡುವು. ದಿನಾ ನಾಲ್ಕಕ್ಕೆ ಅತ್ತೆ ಮುಚ್ಚಳ ತೆಗೆಯುವುದು, ಅರ್ಧ ಗಂಟೆ ಮಾತು, ಮುಚ್ಚಳ ಹಾಕುವುದು. ಶಟ್‌ಡೌನ್ ಅಂದರೆ ಅತ್ತೆಗೆ ಆಗದು. “ಪಾಪ, ಮಲಕ್ಕೊಳ್ಳಲಿ ಬಿಡು. ಪೂರ್ತಿ ಯಾಕೆ ಆರಿಸ್ಬೇಕು?” ಎನ್ನುತ್ತಿದ್ದರು.

ಮಲಗಿ ಎದ್ದ ಆ ಯಂತ್ರಕ್ಕೆ ವೈಫೈ ಬರುತ್ತಿರಲಿಲ್ಲ. ಒಂದು ದಿನ ಅಲ್ಲ, ದಿನಾ.

ನಾಲ್ಕು ಹೊಡೆಯುತ್ತಿದ್ದಂತೆ ಅಂಗಡಿಯ ಫೋನ್ ಕಿಣಿಕಿಣಿ ಎನ್ನುವುದು. “ಮಗಾ, ಮತ್ತೆ ಹೋಯ್ತು ಕಣೋ. ಬಾ.” ಇವರು ಕೈಯಲ್ಲಿರುವ ಕೆಲಸ ಅಲ್ಲೇ ಬಿಟ್ಟು, ಮುಂದೆ ನಿಂತ ಗಿರಾಕಿಗೆ “ಅರ್ಧ ಗಂಟೆ” ಎಂದು, ಸ್ಕ್ರೂಡ್ರೈವರ್ ಜೇಬಿಗೆ ಸಿಕ್ಕಿಸಿಕೊಂಡು ಹೊರಡುವರು. ವೈಫೈಗೆ ಸ್ಕ್ರೂಡ್ರೈವರ್ ಯಾಕೆ ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ, ನನ್ನ ಬುದ್ಧಿಗಿಷ್ಟು. ಮಂಡಿ ನೋವು ಬೇರೆ; ಐವತ್ತನಾಲ್ಕು ಮೆಟ್ಟಿಲಿಗೆ ಮೂರು ಕಡೆ ನಿಲ್ಲುತ್ತಾರೆ. ಹೋಗಿ ಕಾರ್ಡ್ ಆಫ್ ಮಾಡಿ ಆನ್ ಮಾಡುವುದು. ಕರೆ ಹೋದ ಮೇಲೆ, “ಮಧ್ಯೆ ಕಟ್ಟಾಗುತ್ತೇನೋ ನೋಡ್ತೀನಿ” ಎಂದು ಲ್ಯಾಪ್‌ಟಾಪಿನ ಹಿಂದುಗಡೆ ಸ್ಟೂಲ್ ಹಾಕಿಕೊಂಡು ಕೂರುವುದು. ಅಲ್ಲಿ ಕ್ಯಾಮೆರಾಕ್ಕೆ ಅವರು ಕಾಣುವುದಿಲ್ಲ. ತಂಗಿಯ ಎದುರು ಬೀಳಬಾರದಲ್ಲ, ಅದಕ್ಕೆ ಹಿಂದೆ ಕೂರುತ್ತಾರೆ ಎಂದು ನಾನು ತಿಳಿದಿದ್ದೆ.

ಮೂರು ವರ್ಷ ಹೀಗೆ. ಊರಿನ ಯಂತ್ರಗಳನ್ನೆಲ್ಲ ಹತ್ತು ನಿಮಿಷದಲ್ಲಿ ಸರಿ ಮಾಡುವ ಮನುಷ್ಯನಿಗೆ ಸ್ವಂತ ಅಮ್ಮನ ಲ್ಯಾಪ್‌ಟಾಪ್ ಮೂರು ವರ್ಷವಾದರೂ ಸರಿ ಮಾಡಲಾಗಲಿಲ್ಲ! “ದೀಪದ ಬುಡದಲ್ಲಿ ಕತ್ತಲೆ ಅನ್ನೋದು ನಿಮ್ಮನ್ನ ನೋಡೇ ಹೇಳಿರ್ಬೇಕು” ಎಂದು ನಾನು ಚುಚ್ಚುತ್ತಿದ್ದೆ. “ಅದರ ಕಾರ್ಡ್ ಹಳೇದು ಕಣೇ” ಎಂದು ನುಣುಚಿಕೊಳ್ಳುತ್ತಿದ್ದರು. ಒಂದೊಂದು ಸಲ ಇಳಿದು ಬಂದು, “ಮಗೂಗೆ ಹಲ್ಲು ಬಿದ್ದಿದೆಯಂತೆ” ಎನ್ನುವರು. ಇನ್ನೊಮ್ಮೆ, “ಅವಳ ದನಿ ಕಟ್ಟಿದೆ. ಥಂಡಿ ಆಗಿರ್ಬೇಕು, ಬಿಸಿನೀರು ಕುಡಿ ಅಂತ ನೀನೇ ಒಂದು ಮಾತು ಹೇಳು” ಎನ್ನುವರು. ಹೇಳುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಒಂದು ದಿನ ನಾಲ್ಕಕ್ಕೆ ಸರಿಯಾಗಿ ದೊಡ್ಡ ಗಿರಾಕಿಯೊಬ್ಬರು ಬಂದರು, ಒಂದು ಕಚೇರಿಯ ಹನ್ನೆರಡು ಯಂತ್ರ ನೋಡಬೇಕೆಂದು. ಫೋನ್ ಕಿಣಿಕಿಣಿ ಎಂದಿತು. ಇವರು ಎದ್ದು ಹೊರಟೇಬಿಟ್ಟರು. ಆ ಮನುಷ್ಯ ಇಪ್ಪತ್ತು ನಿಮಿಷ ಕಾದು, ನನ್ನ ಕಡೆ ಒಂದು ನೋಟ ಬಿಟ್ಟು ಎದ್ದು ಹೋದರು. ನನಗೆ ಮೈಯೆಲ್ಲ ಉರಿಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರೆ. ಇವರು ಎರಡು ಕಡೆಗೂ ಒದಗದ ಹಾಗಾದರಲ್ಲ ಎನ್ನಿಸಿತು.

ಮರುದಿನ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ ನಾನೇ ಆ ಲ್ಯಾಪ್‌ಟಾಪ್ ತೆರೆದೆ. ಡಿವೈಸ್ ಮ್ಯಾನೇಜರ್. ವೈಫೈ ಕಾರ್ಡ್. ಪವರ್. ಟಿಕ್ ಅಲ್ಲೇ ಇತ್ತು, ಕಣ್ಣಿಗೆ ಹೊಡೆಯುವ ಹಾಗೆ. ತೆಗೆದೆ. ಮುಚ್ಚಿ ಮಲಗಿಸಿ, ತೆರೆದು ನೋಡಿದೆ, ನೆಟ್ ಬಂತು. ಇನ್ನೊಮ್ಮೆ ಮಲಗಿಸಿ ಎಬ್ಬಿಸಿದೆ, ಬಂತು. ಎರಡು ನಿಮಿಷದ ಕೆಲಸ. ಜಂಬದಿಂದ ಮೆಟ್ಟಿಲಿಳಿದೆ. ಯಾರಿಗೂ ಹೇಳಲಿಲ್ಲ, ಅವರಿಗೇ ಗೊತ್ತಾಗಲಿ, ಗೊತ್ತಾಗಿ ನನ್ನ ಕೈಗುಣ ಹೊಗಳಲಿ ಎಂದು ಕಾದೆ.

ನಾಲ್ಕು ಗಂಟೆಯಾಯಿತು. ಫೋನ್ ಸದ್ದಿಲ್ಲ. ನಾಲ್ಕೂ ಐದಕ್ಕೆ ಇವರು ಗಡಿಯಾರ ನೋಡಿದರು. ನಾಲ್ಕೂ ಹತ್ತಕ್ಕೆ ಎದ್ದು ಬಂದು ಫೋನ್ ಎತ್ತಿ ಕಿವಿಗಿಟ್ಟುಕೊಂಡು, ಡಯಲ್ ಟೋನ್ ಇದೆಯೋ ನೋಡಿ ಮತ್ತೆ ಇಟ್ಟರು. ಆಮೇಲೆ, ನಿನ್ನೆಯೇ ಸರಿ ಮಾಡಿ ಚೀಟಿ ಅಂಟಿಸಿದ್ದ ಯಂತ್ರವೊಂದನ್ನು ಬಿಚ್ಚಿ ಮತ್ತೆ ಜೋಡಿಸಿದರು. ಎರಡನೇ ದಿನ, “ಅಮ್ಮ ಹುಷಾರಾಗಿದಾಳಾ?” ಎಂದು ಮೂರು ಸಲ ಕೇಳಿದರು. “ಗುಂಡುಕಲ್ಲಿನ ಹಾಗಿದಾರೆ” ಎಂದೆ. ರಾತ್ರಿ ಊಟಕ್ಕೆ ಕೂತವರು ತಟ್ಟೆಯಲ್ಲಿ ಗೆರೆ ಎಳೆದು ಎದ್ದರು.

ಮೂರನೇ ದಿನ ನಾಲ್ಕೂಕಾಲಿಗೆ ಫೋನ್ ಬರದಿದ್ದರೂ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಹೊರಟರು. ಸ್ವಲ್ಪ ಹೊತ್ತು ಬಿಟ್ಟು ನಾನೂ ಹಿಂದೆ ಹೋದೆ. ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿಂದ ನಾದಿನಿಯ ನಗು ಕೇಳುತ್ತಿತ್ತು. ಇವರು ಹೊರಗೆ, ಮೆಟ್ಟಿಲಿನ ಕೊನೆಯಲ್ಲಿ, ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದು, ಕರೆಯದ ಮನೆಗೆ ಬಂದವರ ಹಾಗೆ ನಿಂತಿದ್ದರು. ನನ್ನನ್ನು ನೋಡಿ, “ಸರಿಯಾಗಿದೆ ಅದು” ಎಂದು ತಲೆ ತಗ್ಗಿಸಿ ಇಳಿದುಬಿಟ್ಟರು.

ಅಂಗಡಿ ಮುಚ್ಚುವಾಗ ಕೇಳಿದರು, “ಯಾರು ಮುಟ್ಟಿದ್ದು ಅದನ್ನ?”

“ನಾನೇ ರೀ. ಒಂದು ಟಿಕ್ ತೆಗೆದೆ, ಅಷ್ಟೇ.”

“ಹೌದಾ. ಒಳ್ಳೇದು ಮಾಡ್ದೆ” ಎಂದರು.

ಬೈದಿದ್ದರೆ ಬೈದುಕೊಳ್ಳಲಿ ಬಿಡು ಎನ್ನಬಹುದಿತ್ತು. ಆ ‘ಒಳ್ಳೇದು ಮಾಡ್ದೆ’ಯನ್ನು ಹೊತ್ತುಕೊಂಡೇ ಐವತ್ತನಾಲ್ಕು ಮೆಟ್ಟಿಲು ಹತ್ತಿದೆ. ಟಿಕ್ ತೆಗೆಯುವುದು ಇವರಿಗೆ ಗೊತ್ತಿರಲಿಲ್ಲವೇ? ಊರಿಗೆಲ್ಲ ಹೇಳಿಕೊಟ್ಟವರೇ ಇವರು. ಗೊತ್ತಿದ್ದೂ ಯಾಕೆ ತೆಗೆಯಲಿಲ್ಲ?

ನಾಲ್ಕನೇ ದಿನ, ನಾಲ್ಕು ಗಂಟೆಗೆ, ನಾನು ಮೇಲೆ ಹೋದೆ. ಅತ್ತೆ ಎಂದಿನಂತೆ ಕನ್ನಡಕ ತೆಗೆದು, ಮೆತ್ತನೆ ಬಟ್ಟೆಯಿಂದ ಗಾಜನ್ನು ತಿಕ್ಕಿ ತಿಕ್ಕಿ ಒರೆಸಿ ಹಾಕಿಕೊಂಡರು. ಮಗಳು ಸ್ಪಷ್ಟವಾಗಿ ಕಾಣಲಿ ಎಂದು ಒರೆಸುತ್ತಾರೆ ಅಂದುಕೊಂಡಿದ್ದೆ ಇಷ್ಟು ದಿನ. ನಾನು ಏನೂ ಹೇಳದೆ ಇವರ ಸ್ಟೂಲ್ ಎಳೆದುಕೊಂಡು, ಲ್ಯಾಪ್‌ಟಾಪಿನ ಹಿಂದೆ, ಇವರು ಕೂರುವ ಜಾಗದಲ್ಲೇ ಕೂತೆ. ಎದುರಿಗೆ ಅತ್ತೆಯ ಮುಖ. ಕರೆ ಸೇರಿತು. ಅತ್ತೆಯ ಕನ್ನಡಕದ ಎರಡು ಗಾಜಿನಲ್ಲೂ ಉಗುರಿನಷ್ಟಗಲದ ಪರದೆ ಹೊತ್ತಿಕೊಂಡಿತು. ಒಂದೊಂದು ಪರದೆಯಲ್ಲೂ ಒಂದೊಂದು ಪುಟ್ಟ ಮುಖ. ನನ್ನ ನಾದಿನಿ ಕೂದಲು ಹಿಂದೆ ಸರಿಸಿಕೊಂಡಳು; ಎರಡು ಗಾಜಿನಲ್ಲೂ ಸರಿಸಿಕೊಂಡಳು.

ಮೂರು ವರ್ಷ, ದಿನಾ ಅರ್ಧ ಗಂಟೆ, ಈ ಮನುಷ್ಯ ತಂಗಿಯ ಮುಖ ನೋಡುತ್ತಿದ್ದದ್ದು ಹೀಗೆ. ಅಯ್ಯೋ ದೇವರೇ! ಮಂಡಿ ನೋವಿನಲ್ಲಿ ಐವತ್ತನಾಲ್ಕು ಮೆಟ್ಟಿಲು ಹತ್ತಿ, ಉಗುರಿನಷ್ಟು ಮುಖ ನೋಡಿ ಇಳಿಯುತ್ತಿದ್ದರು. ಆ ಕೋಣೆಗೆ ಹೋಗಲು ಅವರಿಗಿದ್ದದ್ದು ಒಂದೇ ನೆಪ, ಆ ಕೆಟ್ಟ ವೈಫೈ. ಅದನ್ನು ನಾನು ಎರಡು ನಿಮಿಷದಲ್ಲಿ ಸರಿ ಮಾಡಿ ಜಂಬ ಪಟ್ಟೆ. ನನ್ನ ಕೈಗಿಷ್ಟು ಬೆಂಕಿ ಹಾಕ. ಕಣ್ಣೀರು ಬಂದೇಬಿಟ್ಟಿತು.

ಮಾತು ಮುಗಿಸಿ ಅತ್ತೆ ಮುಚ್ಚಳ ಹಾಕಿದರು. “ಗೊತ್ತಾಯ್ತಾ?” ಎಂದರು.

“ನಿಮಗೆ ಗೊತ್ತಿತ್ತಾ ಅತ್ತೆ?”

“ಹೆತ್ತೋಳಿಗೆ ಗೊತ್ತಾಗಲ್ವಾ? ಅವನ ಕಣ್ಣು ನನ್ನ ಮುಖದ ಮೇಲಿರ್ತಿತ್ತು, ನನ್ನನ್ನ ನೋಡ್ತಿರ್ಲಿಲ್ಲ. ಅದಕ್ಕೇ ಗಾಜು ಒರೆಸ್ತಿದ್ದೆ.” ಕನ್ನಡಕ ತೆಗೆದು ಮಡಿಚಿಡುತ್ತಾ, “ಈಗ ಅವನೇ ಅದನ್ನ ಪೂರ್ತಿ ಸರಿ ಮಾಡಿ ಕೈ ತೊಳ್ಕೊಂಡ. ಇನ್ನು ಅವಳ ಮುಖವೂ ಬೇಡ ಅನ್ನಿಸಿರ್ಬೇಕು. ನೆಪ ಇಲ್ದೆ ಬರ್ತಾನೇನೋ ಅಂತ ಮೂರು ದಿನ ಕಾದೆ, ಬರ್ಲಿಲ್ಲ” ಎಂದರು.

“ಸರಿ ಮಾಡಿದ್ದು ಅವರಲ್ಲ ಅತ್ತೆ, ನಾನು. ನಿನ್ನೆ ಬಾಗಿಲ ತನಕ ಬಂದು ವಾಪಸ್ ಹೋದ್ರು. ಈಗ್ಲೇ ಮತ್ತೆ ಟಿಕ್ ಹಾಕಿಬಿಡ್ತೀನಿ, ಮೊದಲಿನ ಹಾಗೇ ಕೆಡಲಿ!”

“ಅಯ್ಯೋ ನಿನ್ನ! ಇಷ್ಟು ದಿನ ನನ್ನ ಹೊಟ್ಟೆಗೆ ಬೆಂಕಿ ಬಿದ್ದಿತ್ತಲ್ಲೇ.” ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅವರ ನಡುಕ ನನ್ನ ಕೈಗೂ ಬಂತು. “ಬೇಡ, ಟಿಕ್ ಹಾಕ್ಬೇಡ. ಸಾಕು ಈ ಕಣ್ಣಾಮುಚ್ಚಾಲೆ. ಅವತ್ತು ಅವಳಿಗೆ ಹೇಳ್ಬೇಡ ಅಂದಿದ್ದು ನಾನು ಕಣೇ. ಆಸ್ಪತ್ರೆಯಲ್ಲಿ, ಅವರ ಉಸಿರು ನಿಂತ ಮೇಲೆ. ಅವನು ಹೇಳ್ಲೇಬೇಕು ಅಂತ ಹಟ ಹಿಡ್ದ. ನಾನು ಕಾಲು ಹಿಡ್ಕೊಂಡೆ. ಹೆತ್ತ ತಾಯಿ ಮಗನ ಕಾಲು ಹಿಡ್ಕೊಂಡೆ.”

“ಮತ್ತೆ ಅವಳು ಬೈದು ಹೋಗೋವಾಗ ನೀವ್ಯಾಕೆ ಬಾಯಿ ಬಿಡ್ಲಿಲ್ಲ?”

“ಬಿಡೋಕೆ ಹೋದೆ. ಅವನೇ ಬಿಡಲಿಲ್ಲ. ‘ನನ್ನ ಜೊತೆ ಮಾತು ಬಿಟ್ರೆ ಅವಳಿಗೆ ಅಣ್ಣ ಹೋಗ್ತಾನೆ, ಅಷ್ಟೇ. ನಿನ್ನ ಜೊತೆ ಬಿಟ್ರೆ ತವರೇ ಹೋಗುತ್ತೆ’ ಅಂದ. ನಾನೂ ಹೇಡಿ, ಸುಮ್ಮನಾದೆ.”

ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ಮಲಗಿ ಎದ್ದವಳಿಗೆ ಇದು ಗೊತ್ತಿರಲಿಲ್ಲ. ಇವರ ಮೇಲೆ ಸಿಟ್ಟು ಬಂತು. ಸಿಟ್ಟಿಗಿಂತ ಜಾಸ್ತಿ ಇನ್ನೇನೋ ಬಂತು. ಅದನ್ನು ಹೇಳಲು ನನಗೆ ಬರುವುದಿಲ್ಲ.

ಮರುದಿನ ನಾಲ್ಕಕ್ಕೆ ಅತ್ತೆ ಮಗಳಿಗೆ ಎಲ್ಲವನ್ನೂ ಹೇಳಿದರು. ಕಾಲು ಹಿಡಿದದ್ದನ್ನೂ ಹೇಳಿದರು, ಸ್ಟೂಲಿನ ವಿಷಯವನ್ನೂ ಹೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಪರದೆಯಲ್ಲಿ ನಾದಿನಿ ಅಲ್ಲಾಡಲಿಲ್ಲ. ನೆಟ್ ಏನಾದರೂ ನಿಂತುಹೋಯಿತೇ ಎಂದು ನಾನು ಬಗ್ಗಿ ನೋಡಿದೆ. ನಿಂತಿರಲಿಲ್ಲ, ಅವಳ ಹಿಂದೆ ಗಡಿಯಾರದ ಮುಳ್ಳು ಓಡುತ್ತಿತ್ತು. ಕೊನೆಗೆ, “ಇಷ್ಟು ವರ್ಷ ನೀನೂ ಹೇಳ್ಲಿಲ್ಲವಲ್ಲಮ್ಮಾ” ಎಂದಳು. ಕರೆ ಕಡಿದಳು.

ಮರುದಿನ ಕರೆ ಎತ್ತಲಿಲ್ಲ. ಅದರ ಮರುದಿನವೂ ಎತ್ತಲಿಲ್ಲ. ವೈಫೈ ಮಾತ್ರ ಚೆನ್ನಾಗಿತ್ತು, ಮೂರು ಗೆರೆಯೂ ತುಂಬಿಕೊಂಡು. ಅತ್ತೆ ಗಾಜು ಒರೆಸಿ, ಮುಚ್ಚಳ ತೆರೆದು, ಗುಂಡಿ ಒತ್ತಿ, ರಿಂಗಾಗುವುದನ್ನು ಪೂರ್ತಿ ಕೇಳಿ ಮುಚ್ಚುತ್ತಿದ್ದರು. ತವರೂ ಹೋಯಿತು, ಎಲ್ಲ ಹೋಯಿತು, ಇದಕ್ಕೆಲ್ಲ ನನ್ನ ಅವಸರವೇ ಕಾರಣ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ. ಇವರಿಗೆ ಇದೊಂದೂ ಗೊತ್ತಿಲ್ಲ. ನಾಲ್ಕು ಗಂಟೆಗೆ ತಲೆ ಎತ್ತದೆ ಕೆಲಸ ಮಾಡುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದರು. ಅದನ್ನು ನೋಡುವುದಕ್ಕಿಂತ ಅವರು ಅತ್ತಿದ್ದರೇ ವಾಸಿ.

ಮೂರನೇ ದಿನ. ನಾಲ್ಕು ಗಂಟೆ. ಅಂಗಡಿಯ ಫೋನ್ ಕಿಣಿಕಿಣಿ ಎಂದಿತು. ಇವರ ಕೈ ನಿಂತಿತು, ತಲೆ ಎತ್ತಲಿಲ್ಲ. ನಾನು ಎತ್ತಿಕೊಂಡೆ.

“ಸಿಗ್ನಲಣ್ಣನ ಅಂಗಡೀನಾ?” ಹೆಂಗಸಿನ ದನಿ. ಗುರುತಿನ ದನಿ.

“ಹೌದು” ಎಂದೆ.

“ನನ್ನ ಲ್ಯಾಪ್‌ಟಾಪ್ ಮಲಗಿ ಎದ್ದ ಮೇಲೆ ವೈಫೈ ಬರ್ತಿಲ್ಲ. ಬರ್ಕೊಳ್ಳಿ.”

ಚೀಟಿ ಎಳೆದುಕೊಂಡು ಬರೆದೆ. ಅಕ್ಷರ ಸೊಟ್ಟಗಾಯಿತು. “ಹೆಸರು ಏನಂತ ಬರ್ಕೊಳ್ಲಿ?”

“ಆಂಟೆನಾ ಅಂತ ಬರ್ಕೊಳ್ಳಿ ಅತ್ತಿಗೆ. ಆಮೇಲೆ ರಿಪೇರಿಯವರಿಗೆ ಕೊಡಿ.”

ಚೀಟಿಯನ್ನು ಇವರ ಮೇಜಿನ ಮೇಲಿಟ್ಟು, ಫೋನನ್ನು ವಯರು ಬಿಗಿಯಾಗುವವರೆಗೂ ಎಳೆದು ಕೈಗೆ ಕೊಟ್ಟೆ. “ಗಿರಾಕಿ” ಎಂದೆ. ಇವರು ಚೀಟಿ ಓದಲಿಲ್ಲ. ಅಭ್ಯಾಸಬಲದಲ್ಲಿ, “ಹಲೋ, ಮನೇಲಿ ಹೇಗೆ ಮುಚ್ತೀರಿ ಹೇಳಿ” ಎಂದರು.

ಆ ಕಡೆಯಿಂದ ಏನೋ ಉತ್ತರ ಬಂತು. ಇವರು ಎದ್ದು ನಿಂತರು. ಸ್ಕ್ರೂ ಇಟ್ಟಿದ್ದ ಬಟ್ಟಲು ಉರುಳಿ ಬಿದ್ದು ಸ್ಕ್ರೂಗಳೆಲ್ಲ ನೆಲದ ತುಂಬ ಚೆಲ್ಲಿದವು. ಆಮೇಲೆ ಚೀಟಿ ನೋಡಿದರು. ನಿಂತುಕೊಂಡೇ, “ಮುಚ್ಚೋ ಮುಂಚೆ ಏನಾದ್ರೂ ಕೀ ಒತ್ತೋದು ಇದೆಯಾ?” ಎಂದು ಕೇಳಿದರು. ನೀನು ಎನ್ನಲಿಲ್ಲ, ನೀವು ಎನ್ನಲಿಲ್ಲ. “ಹಾಂ... ಹಾಂ... ಮುಚ್ಚಿದ ಮೇಲೆ ಎಷ್ಟು ಹೊತ್ತು ಬಿಡೋದು?... ಎದ್ದಾಗ ವೈಫೈ ಗುರುತೇ ಕಾಣಲ್ವಾ, ಇಲ್ಲ ಅಡ್ಡಗೆರೆ ಬರುತ್ತಾ?” ಹತ್ತು ನಿಮಿಷ ಹೀಗೇ ನಡೆಯಿತು. ಬೇರೆ ಗಿರಾಕಿಯಾಗಿದ್ದರೆ ಎರಡೇ ಪ್ರಶ್ನೆಗೆ ಮುಗಿಸುತ್ತಿದ್ದರು. ಅವಳ ಯಂತ್ರ ನಿಜವಾಗಿ ಕೆಟ್ಟಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಲು ಹೋಗಿಲ್ಲ, ನನಗೂ ಸ್ವಲ್ಪ ಬುದ್ಧಿ ಬಂದಿದೆ.

“ಸೆಟ್ಟಿಂಗಿಗೆ ಹೋಗು” ಎಂದರು ಇವರು. “ಕಾರ್ಡ್ ಒಮ್ಮೆ ಆಫ್ ಮಾಡು. ಮಾಡಿದ್ಯಾ? ಈಗ ಆನ್ ಮಾಡು... ಬಂತಾ?”

ಬಂತೆಂದು ಕಾಣುತ್ತದೆ. ನಾನು ಚೀಟಿಯ ಕೆಳಗಿನ ಸಾಲಿನ ಮೇಲೆ ಪೆನ್ನು ಇಟ್ಟು ಕಾದೆ. ಈಗ ಟಿಕ್‌ನ ವಿಷಯ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು. ಇವರು ನನ್ನ ಮುಖ ನೋಡಿದರು. ಕಣ್ಣು ತುಂಬಿತ್ತು. ಕಳ್ಳನ ಹಾಗೆ ಆ ಕಡೆ ತಿರುಗಿಕೊಂಡರು.

“ಇದು ಇವತ್ತಿಗಷ್ಟೇ ಕಣೇ ಆಂಟೆನಾ” ಎಂದರು. “ನಾಳೆ ಮಲಗಿ ಎದ್ರೆ ಮತ್ತೆ ಹೋಗುತ್ತೆ. ಹೋದ್ರೆ ಇದೇ ಹೊತ್ತಿಗೆ ಫೋನ್ ಮಾಡು.”

ಫೋನ್ ಇಟ್ಟ ಮೇಲೆ ತುಂಬ ಹೊತ್ತು ನೆಲದ ಮೇಲೆ ಮಂಡಿಯೂರಿ ಸ್ಕ್ರೂ ಹೆಕ್ಕುತ್ತಿದ್ದರು. ನಾನು ಬಟ್ಟಲು ಹಿಡಿದುಕೊಂಡು ನಿಂತಿದ್ದೆ.

“ಕೆಳಗಿನ ಸಾಲಿಗೆ ಏನು ಬರೀಲಿ ರೀ?” ಎಂದೆ.

“ಕೆಲಸ ಮುಗಿದಿಲ್ಲ ಅಂತ ಬರಿ” ಎಂದರು.